ಮಕ್ಕಳು ಸಾಕು ಅಂತ ಇಬ್ಬರೂ ನಿರ್ಧರಿಸಿದ ಮೇಲೆ ಯಾವುದು ಸರಿ? ಕಾಪರ್ ಟಿ, ಹಾರ್ಮೋನ್ ವಂಕಿ, ಇಂಪ್ಲಾಂಟ್, ಆಪರೇಷನ್

ಹೊಂಗೆನೆರಳು
ಇಬ್ಬರು ಮಕ್ಕಳಿರುವ ದಂಪತಿ. ಹೆಂಡತಿಗೆ 33, ಗಂಡನಿಗೆ 37. ಇನ್ನು ಮಕ್ಕಳು ಬೇಡ ಅಂತ ಇಬ್ಬರೂ ಒಪ್ಪಿದ್ದಾರೆ. ಮಾತ್ರೆ ಆಗಾಗ ತಪ್ಪಿಹೋಗುತ್ತೆ, ಇನ್ನೂ 15–20 ವರ್ಷ ಕಾಂಡೋಮನ್ನೇ ನೆಚ್ಚಿಕೊಂಡಿರೋದು ಕಷ್ಟ. ಹೆಂಡತಿಗೆ ಮುಟ್ಟಿನಲ್ಲಿ ರಕ್ತಸ್ರಾವ ಮೊದಲಿಂದಲೂ ಜಾಸ್ತಿ. ಸುತ್ತಮುತ್ತಲಿನವರೆಲ್ಲ "ಆಪರೇಷನ್ ಒಂದೇ ಗ್ಯಾರಂಟಿ, ವಂಕಿ ಗಿಂಕಿ ಎಲ್ಲ ತಾತ್ಕಾಲಿಕ" ಅಂತಾರೆ. ಇದು ನಿಜವಾ? ಹೆದರಿಸುವ ಕಥೆ ಬೇಡ. ತಿಳಿದವರು ಅಂಕಿ, ಕ್ರಮ, ತೊಂದರೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿ.

ನೇರಮಾತು
> ಆಪರೇಷನ್ ಒಂದೇ ಗ್ಯಾರಂಟಿ

ಹಳೇ ಲೆಕ್ಕ ಇದು. ಮೊದಲ ವರ್ಷದಲ್ಲಿ ಸಾವಿರ ಮಹಿಳೆಯರಲ್ಲಿ ಎಷ್ಟು ಜನಕ್ಕೆ ಗರ್ಭ ನಿಲ್ಲುತ್ತೆ ಅಂತ ನೋಡಿದರೆ ಹೆಚ್ಚುಕಡಿಮೆ ಹೀಗಿದೆ: ತೋಳಿನ ಇಂಪ್ಲಾಂಟ್ 1, ವಾಸೆಕ್ಟಮಿ ಅಂದರೆ ಗಂಡಸರ ಆಪರೇಷನ್ 1ರಿಂದ 2, ಗರ್ಭಕೋಶದೊಳಗೆ ಇಡುವ 52 ಮಿಲಿಗ್ರಾಂನ ಹಾರ್ಮೋನ್ ವಂಕಿ 1ರಿಂದ 4, ಹೆಂಗಸರ ಆಪರೇಷನ್ 5, ತಾಮ್ರದ ವಂಕಿಯಾದ ಕಾಪರ್ ಟಿ 8. ಅದೇ ಮೂರು ತಿಂಗಳ ಇಂಜೆಕ್ಷನ್ 40, ಮಾತ್ರೆ 70, ಕಾಂಡೋಮ್ 130. ಈ ಕೊನೆಯ ಮೂರರಲ್ಲಿ ಜನ ಮರೆಯೋದು, ತಡ ಮಾಡೋದು ಎಲ್ಲ ಸೇರಿದೆ.

ಮೊದಲ ಐದರ ನಡುವಿನ ವ್ಯತ್ಯಾಸ ಇಟ್ಟುಕೊಂಡು ನಿರ್ಧಾರ ಮಾಡುವಂಥದ್ದೇನೂ ಇಲ್ಲ. ಆಪರೇಷನ್‌ನಲ್ಲಿ ಹೆಚ್ಚಾಗಿ ಸಿಗೋದು ಮತ್ತೆ ಮತ್ತೆ ಬದಲಾಯಿಸುವ ಗೊಡವೆ ಇಲ್ಲದಿರೋದು. ಅದಕ್ಕೆ ಪ್ರತಿಯಾಗಿ, ನಾಳೆ ಮನಸ್ಸು ಬದಲಾದರೆ ಹಿಂದಿರುಗುವ ದಾರಿ ಮುಚ್ಚಿರುತ್ತೆ. ಇದನ್ನು ಮೊದಲು ತೂಗಿ ನೋಡಿ.

ಬೆಳ್ಳಿಚುಕ್ಕಿ
ಸರಿ. ಆದರೆ ಹೆಂಗಸರ ಆಪರೇಷನ್‌ಗೆ ಒಂದೇ ವರ್ಷದ ಅಂಕಿ ಕೊಟ್ಟರೆ ಸಾಲದು. ಅದು ವರ್ಷ ಕಳೆದ ಮೇಲೂ ವಿಫಲವಾಗಬಹುದು. ಅಮೆರಿಕದಲ್ಲಿ 10 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಹಿಂಬಾಲಿಸಿ 1996ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 10 ವರ್ಷಕ್ಕೆ ಸಾವಿರಕ್ಕೆ 18.5 ಗರ್ಭ ಅಂತ ಬಂತು. ಅದರಲ್ಲೂ ಅಂಡನಾಳಕ್ಕೆ ಸ್ಪ್ರಿಂಗ್ ಕ್ಲಿಪ್ ಹಾಕಿದವರಲ್ಲಿ 36.5, ಹೆರಿಗೆಯಾದ ಕೂಡಲೇ ಆ ನಾಳದ ತುಂಡು ಕತ್ತರಿಸಿದವರಲ್ಲಿ 7.5. ಹಾಗೆ ನಿಂತ ಗರ್ಭಗಳಲ್ಲಿ ಸುಮಾರು ಮೂರರಲ್ಲೊಂದು ಗರ್ಭಕೋಶದ ಹೊರಗೆ ಬೆಳೆದದ್ದು. ಅದು ಪ್ರಾಣಕ್ಕೇ ಕುತ್ತು.

ಹಾಗಾಗಿ ಆಪರೇಷನ್ ಆಗಿ ಎಷ್ಟೇ ವರ್ಷವಾಗಿರಲಿ, ಮುಟ್ಟು ತಪ್ಪಿ ಕಿಬ್ಬೊಟ್ಟೆಯ ಒಂದು ಪಕ್ಕ ನೋವು ಬಂದರೆ ಮೊದಲು ಗರ್ಭಪರೀಕ್ಷೆ. "ನನಗೆ ಆಪರೇಷನ್ ಆಗಿದೆಯಲ್ಲ" ಅಂತ ಕೂರಬಾರದು.

ಇಬ್ಬನಿ_22
ರಕ್ತಸ್ರಾವ ಜಾಸ್ತಿ ಅಂದಿದ್ದಾರಲ್ಲ, ಅದನ್ನು ಯಾರೂ ಎತ್ತಲಿಲ್ಲ. ಅಲ್ಲೇ ಅರ್ಧ ಉತ್ತರ ಇರೋದು.

ಅಳತೆಗೋಲು
ಹೌದು, ಅಲ್ಲಿಂದಲೇ ಶುರು ಮಾಡಬೇಕು. ವಿಧಾನ ಆರಿಸುವ ಮೊದಲು ರಕ್ತ ಯಾಕೆ ಜಾಸ್ತಿ ಹೋಗ್ತಿದೆ ಅಂತ ತಿಳಿಯಬೇಕು. ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಲಕ್ಷಣ ಇದ್ದರೆ ಥೈರಾಯ್ಡ್, ಒಂದು ಅಲ್ಟ್ರಾಸೌಂಡ್. ಮುಟ್ಟಿನ ಮಧ್ಯೆ ಅಥವಾ ಸಂಭೋಗದ ನಂತರ ರಕ್ತ ಕಾಣಿಸುತ್ತಿದ್ದರೆ ಅದು ಬೇರೆಯೇ ವಿಷಯ. ಕಾರಣ ಗೊತ್ತಾಗುವವರೆಗೆ ಯಾವ ವಂಕಿಯನ್ನೂ ಹಾಕಬಾರದು. ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಇದ್ದರೆ ಅದು ಎಲ್ಲಿದೆ ಅನ್ನೋದು ಮುಖ್ಯ. ಗರ್ಭಕೋಶದ ಒಳಗಿನ ಆಕಾರವನ್ನೇ ಸೊಟ್ಟ ಮಾಡಿದ್ದರೆ ವಂಕಿ ನಿಲ್ಲಲ್ಲ.

ಬರೀ ಮುಟ್ಟೇ ಜಾಸ್ತಿ, ಬೇರೆ ದೋಷ ಇಲ್ಲ ಅಂತಾದರೆ ಕಾಪರ್ ಟಿ ಬೇಡ. ಅದು ಮುಟ್ಟನ್ನು ಇನ್ನೂ ಹೆಚ್ಚಿಸುತ್ತೆ, ನೋವನ್ನೂ. 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಇರುವ ವಂಕಿ ಇದಕ್ಕೆ ಚಿಕಿತ್ಸೆಯೂ ಹೌದು. ಮೊದಲಿಗೆ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಹಾರ್ಮೋನ್ ಬಿಡುತ್ತೆ, ಅದರ ಬಹುಪಾಲು ಕೆಲಸ ಗರ್ಭಕೋಶದ ಒಳಗೇ. ಒಳಪದರ ತೆಳುವಾಗಿ, ಹೋಗುವ ರಕ್ತ ತಿಂಗಳುಗಳಲ್ಲಿ ಶೇ. 80–90ರಷ್ಟು ಇಳಿಯುತ್ತೆ. ಒಂದು ವರ್ಷದ ಹೊತ್ತಿಗೆ ಐವರಲ್ಲಿ ಒಬ್ಬರಿಗೆ ಮುಟ್ಟೇ ನಿಂತಿರುತ್ತೆ.

ಇನ್ನೊಂದು ಗಮನಿಸಿ: ಹೆಂಗಸರ ಆಪರೇಷನ್ ಆಗಲಿ ವಾಸೆಕ್ಟಮಿ ಆಗಲಿ ರಕ್ತಸ್ರಾವಕ್ಕೆ ಏನೂ ಮಾಡಲ್ಲ.

ಸುಳಿಗಾಳಿ
ಮುಟ್ಟು ನಿಂತರೆ ಕೆಟ್ಟ ರಕ್ತ ಒಳಗೇ ಉಳಿಯಲ್ವಾ?

ಅಳತೆಗೋಲು
ಇಲ್ಲ. ಮುಟ್ಟಿನಲ್ಲಿ ಹೋಗೋದು ಬೆಳೆದು ಉದುರುವ ಒಳಪದರ ಮತ್ತು ಅದರ ರಕ್ತ. ಪದರವೇ ಬೆಳೆಯದಿದ್ದರೆ ಉದುರುವುದಕ್ಕೆ ಏನೂ ಇರಲ್ಲ, ಕಟ್ಟಿಕೊಳ್ಳುವುದಕ್ಕೂ ಇರಲ್ಲ. ತೆಗೆಸಿದ ಮೇಲೆ ಪದರ ಮತ್ತೆ ಬೆಳೆಯುತ್ತೆ, ಮುಟ್ಟು ವಾಪಸ್ ಬರುತ್ತೆ.

ಆದರೆ ಮೊದಲ 3ರಿಂದ 6 ತಿಂಗಳು ಬೇಸರ ತರಿಸುತ್ತೆ. ಹೊತ್ತಲ್ಲದ ಹೊತ್ತಿನಲ್ಲಿ ಚೂರುಚೂರು ಕಲೆ, ಕೆಲವರಿಗೆ ವಾರಗಟ್ಟಲೆ. ಇದನ್ನು ಮುಂಚೆಯೇ ಹೇಳದೆ ಹಾಕುವುದರಿಂದ ಎಷ್ಟೋ ಜನ ಎರಡೇ ತಿಂಗಳಿಗೆ ತೆಗೆಸಿಬಿಡ್ತಾರೆ. ಅರ್ಧ ವರ್ಷ ಕೊಡಿ ಅಂತ ಮೊದಲೇ ಹೇಳಿದ್ದರೆ ಅವರಲ್ಲಿ ಬಹಳಷ್ಟು ಜನ ಉಳಿಸಿಕೊಳ್ತಿದ್ದರು.

ಮರಕುಟಿಗ
ಕಾಪರ್ ಟಿಯನ್ನು ಹೀಗೆ ಸಾರಾಸಗಟಾಗಿ ತಳ್ಳಿಹಾಕಬೇಡಿ. ಈ ದಂಪತಿಗೆ ಒಗ್ಗದೇ ಇರಬಹುದು, ಓದುವವರು ಬೇರೆಯವರೂ ಇದ್ದಾರೆ. ಮುಟ್ಟು ಸಾಧಾರಣವಾಗಿದ್ದು ಹಾರ್ಮೋನ್ ಬೇಡ ಅನ್ನುವವರಿಗೆ, ಸ್ತನ ಕ್ಯಾನ್ಸರ್ ಆಗಿ ಹಾರ್ಮೋನ್ ಕೊಡಲೇಬಾರದವರಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. 380ಎ ಮಾದರಿಯಲ್ಲಿ 380 ಚದರ ಮಿಲಿಮೀಟರ್ ತಾಮ್ರ ಇರುತ್ತೆ. ಆ ತಾಮ್ರದ ಅಯಾನುಗಳು ವೀರ್ಯಾಣುವನ್ನು ನಿಷ್ಕ್ರಿಯ ಮಾಡುತ್ತವೆ. ಅನುಮತಿ 10 ವರ್ಷಕ್ಕೆ, 12 ವರ್ಷದವರೆಗೂ ಕೆಲಸ ಮಾಡಿದ್ದಕ್ಕೆ ಪುರಾವೆ ಇದೆ. ಹಾಕಿದ ಕ್ಷಣದಿಂದಲೇ ರಕ್ಷಣೆ. ಅಸುರಕ್ಷಿತ ಸಂಭೋಗವಾಗಿ 5 ದಿನದೊಳಗೆ ಹಾಕಿದರೆ ತುರ್ತು ಗರ್ಭನಿರೋಧಕವಾಗಿಯೂ ಕೆಲಸ ಮಾಡುತ್ತೆ, ತುರ್ತು ಮಾತ್ರೆಗಿಂತ ಎಷ್ಟೋ ಪಾಲು ಚೆನ್ನಾಗಿ.

ಮೊದಲ ಕೆಲವು ಮುಟ್ಟಿನಲ್ಲಿ ಹೊಟ್ಟೆನೋವು, ರಕ್ತ ಹೆಚ್ಚು. ಮುಟ್ಟು ಶುರುವಾದ ದಿನದಿಂದ ಐಬುಪ್ರೊಫೆನ್ 400 ಮಿಲಿಗ್ರಾಂ ಊಟದ ನಂತರ ದಿನಕ್ಕೆ ಮೂರು ಸಲ, 3–5 ದಿನ ತೆಗೆದುಕೊಂಡರೆ ಎರಡೂ ಇಳಿಯುತ್ತೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ ಇದು ಬೇಡ. ದೇಹದಲ್ಲಿ ತಾಮ್ರ ಕಟ್ಟಿಕೊಳ್ಳುವ ವಿಲ್ಸನ್ ಕಾಯಿಲೆ ಇದ್ದರೆ ಕಾಪರ್ ಟಿಯೇ ಬೇಡ.

ಸಣ್ಣಕ್ಷರ
ವಂಕಿಯ ಯಶಸ್ಸು ಅರ್ಧ ಅದರಲ್ಲಿದ್ದರೆ ಅರ್ಧ ಹಾಕುವ ಕೈಯಲ್ಲಿ. ಕ್ರಮ ತಿಳಿದಿದ್ದರೆ ಸರಿಯಾಗಿ ಆಗ್ತಿದೆಯಾ ಅಂತ ನೀವೇ ಕೇಳಬಹುದು.

ಮೊದಲು ಗರ್ಭ ಇಲ್ಲ ಅಂತ ಖಚಿತ ಮಾಡಿಕೊಳ್ತಾರೆ. ಆಮೇಲೆ ಕೈಯಿಂದ ಪರೀಕ್ಷಿಸಿ ಗರ್ಭಕೋಶ ಮುಂದಕ್ಕೆ ಬಾಗಿದೆಯೋ ಹಿಂದಕ್ಕೋ ಅಂತ ನೋಡಬೇಕು. ಇದನ್ನು ಬಿಟ್ಟು ನೇರ ತಳ್ಳಿದಾಗಲೇ ಗೋಡೆ ತೂತಾಗುವ ಅಪಾಯ. ಸಾವಿರಕ್ಕೆ ಸುಮಾರು 1 ಅಷ್ಟೇ, ಆದರೆ ಮಗುವಿಗೆ ಹಾಲುಣಿಸುತ್ತಿರುವವರಲ್ಲಿ ಸ್ವಲ್ಪ ಹೆಚ್ಚು. ನಂತರ ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಇಟ್ಟು, ಗರ್ಭಕಂಠ ಒರೆಸಿ, ಚಿಮ್ಮಟದಂಥ ಟೆನಾಕ್ಯುಲಮ್‌ನಿಂದ ಹಿಡಿದು ಮೆಲ್ಲಗೆ ಎಳೆದು ದಾರಿ ನೇರ ಮಾಡ್ತಾರೆ. ಸೌಂಡ್ ಎಂಬ ಸಪೂರ ಕಡ್ಡಿಯಿಂದ ಆಳ ಅಳೆಯುತ್ತಾರೆ. ಸಾಮಾನ್ಯವಾಗಿ 6ರಿಂದ 9 ಸೆಂಟಿಮೀಟರ್. ವಂಕಿಯನ್ನು ಒಳಗೆ ಸಾಗಿಸುವ ಕೊಳವೆಯ ಮೇಲಿನ ನೀಲಿ ಪಟ್ಟಿಯನ್ನು ಅಷ್ಟೇ ಅಳತೆಗೆ ಸರಿಸಬೇಕು.

ಕಾಪರ್ ಟಿಯ ತೋಳುಗಳನ್ನು ಕೊಳವೆಯೊಳಗೆ ಮಡಚಿ 5 ನಿಮಿಷಕ್ಕಿಂತ ಹೆಚ್ಚು ಇಡಬಾರದು. ಇಟ್ಟರೆ ಒಳಗೆ ಹೋದ ಮೇಲೆ ನೆಟ್ಟಗೆ ಬಿಚ್ಚಿಕೊಳ್ಳಲ್ಲ. ಒಳಗೆ ಹೋದ ಮೇಲೆ ಕೊಳವೆಯೊಳಗಿನ ಬಿಳಿ ಕಡ್ಡಿಯನ್ನು ಅಲುಗಿಸದೆ ಹಿಡಿದು ಕೊಳವೆಯನ್ನು ಹಿಂದಕ್ಕೆ ಎಳೆಯಬೇಕು. ಕಡ್ಡಿಯಿಂದ ಮುಂದಕ್ಕೆ ನೂಕಬಾರದು. ಕೊನೆಗೆ ವಂಕಿಯಿಂದ ಇಳಿಬಿದ್ದ ದಾರವನ್ನು ಸುಮಾರು 3 ಸೆಂಟಿಮೀಟರ್ ಬಿಟ್ಟು ಕತ್ತರಿಸ್ತಾರೆ. ತೀರಾ ಗಿಡ್ಡ ಕತ್ತರಿಸಿದರೆ ಅದೇ ಚುಚ್ಚೋದು.

ಇಬ್ಬನಿ_22
ನೋವಿನ ಬಗ್ಗೆ ಒಂದು ಮಾತೂ ಇಲ್ಲ! "ಇರುವೆ ಕಚ್ಚಿದಷ್ಟು" ಅಂತ ಹೇಳಿ ಕಳಿಸೋದು ಅನ್ಯಾಯ.

ಸಣ್ಣಕ್ಷರ
ಒಪ್ಪಿದೆ. ಟೆನಾಕ್ಯುಲಮ್ ಹಿಡಿದಾಗ ಒಂದು ಚುಚ್ಚು, ಸೌಂಡ್ ಹೋದಾಗ ಮುಟ್ಟಿನ ನೋವಿನಂಥದ್ದೇ ಗಟ್ಟಿಯಾದ ಹಿಡಿತ, ವಂಕಿ ಬಿಟ್ಟಾಗ ಇನ್ನೊಮ್ಮೆ. ಯೋನಿಮಾರ್ಗದ ಹೆರಿಗೆ ಆಗದವರಿಗೆ ಹೆಚ್ಚು. ಗರ್ಭಕಂಠದ ಸುತ್ತ ಮರಗಟ್ಟಿಸುವ ಲಿಡೋಕೇನ್ ಚುಚ್ಚಿದರೆ ನೋವು ಚೆನ್ನಾಗಿ ಕಡಿಮೆಯಾಗುತ್ತೆ, ಜೆಲ್ ಅಥವಾ ಸ್ಪ್ರೇ ಕೂಡ ಇದೆ. ಮೊದಲೇ ಕೇಳಿ, ಕೇಳುವ ಹಕ್ಕು ನಿಮಗಿದೆ. ಗರ್ಭಕಂಠ ಮೆತ್ತಗಾಗಲು ಕೊಡುವ ಮೈಸೊಪ್ರೊಸ್ಟಾಲ್ ಮಾತ್ರೆಯನ್ನು ಎಲ್ಲರಿಗೂ ಕೊಡುವ ಅಗತ್ಯ ಇಲ್ಲ, ಅದರಿಂದ ಹೊಟ್ಟೆ ನುಲಿತವೇ ಹೆಚ್ಚು. ಕೆಲವರಿಗೆ ತಲೆ ಸುತ್ತಿ ಬೆವರುತ್ತೆ, ಆದ್ದರಿಂದ ಕೂಡಲೇ ಎದ್ದು ಹೊರಡಬೇಡಿ.

ಸುಳಿಗಾಳಿ
ವಂಕಿ ಜಾರಿ ಬಿದ್ದುಹೋದರೆ ಗೊತ್ತಾಗುತ್ತಾ? ಒಳಗೆ ಹೊಟ್ಟೆಗೆ ಹೋಗಿಬಿಡುತ್ತೆ ಅಂತಾರಲ್ಲ.

ಬೆಳ್ಳಿಚುಕ್ಕಿ
ಹೊರಬೀಳೋದು ಮೊದಲ ವರ್ಷದಲ್ಲಿ ನೂರಕ್ಕೆ 2ರಿಂದ 10. ಹೆರಿಗೆಯಾದ ಕೂಡಲೇ ಹಾಕಿದ್ದರೆ ಅದಕ್ಕಿಂತ ಹೆಚ್ಚು. ಕೆಲವೊಮ್ಮೆ ಮುಟ್ಟಿನ ರಕ್ತದ ಜೊತೆ ಹೋಗಿ ಗೊತ್ತೇ ಆಗಲ್ಲ, ಅದಕ್ಕೇ ಮುಟ್ಟು ಮುಗಿದ ಮೇಲೆ ಬೆರಳಿನಿಂದ ದಾರ ಮುಟ್ಟಿ ನೋಡೋದು ಒಳ್ಳೆಯದು. ದಾರ ಉದ್ದವಾದಂತೆ ಅನಿಸಿದರೆ ಅಥವಾ ಗಟ್ಟಿ ಪ್ಲಾಸ್ಟಿಕ್ ತುದಿ ತಾಗಿದರೆ ವಂಕಿ ಕೆಳಗೆ ಜಾರಿದೆ.

ದಾರವೇ ಸಿಗದಿದ್ದರೆ ಗಾಬರಿ ಬೇಡ, ಆದರೆ ಅಂದಿನಿಂದಲೇ ಕಾಂಡೋಮ್ ಬಳಸಿ. ಮೊದಲು ಗರ್ಭಪರೀಕ್ಷೆ. ಆಮೇಲೆ ಸಣ್ಣ ಬ್ರಷ್‌ನಿಂದ ಗರ್ಭಕಂಠದೊಳಗೆ ಹುಡುಕ್ತಾರೆ, ಬಹುತೇಕ ಅಲ್ಲೇ ಸುತ್ತಿಕೊಂಡಿರುತ್ತೆ. ಇಲ್ಲದಿದ್ದರೆ ಅಲ್ಟ್ರಾಸೌಂಡ್. ಅದರಲ್ಲೂ ಕಾಣದಿದ್ದರೆ ಹೊಟ್ಟೆಯ ಎಕ್ಸ್-ರೇ. ಎಕ್ಸ್-ರೇಯಲ್ಲೂ ಇಲ್ಲ ಅಂದಾಗ ಮಾತ್ರ ಬಿದ್ದುಹೋಗಿದೆ ಅನ್ನಬಹುದು. ಈ ಕೊನೆಯ ಹೆಜ್ಜೆ ಬಿಟ್ಟು "ಬಿದ್ದಿರಬೇಕು" ಅಂತ ಇನ್ನೊಂದು ಹಾಕೋದು ದೊಡ್ಡ ತಪ್ಪು.

ತಿಳಿನೀರು
ಮುಟ್ಟಿನ ಕಪ್ ಬಳಸುವವರು ವಂಕಿ ಹಾಕಿಸಿಕೊಳ್ಳಬಹುದಾ? ವಿಷಯ ಸ್ವಲ್ಪ ಬೇರೆ, ಕ್ಷಮಿಸಿ.

ಸಣ್ಣಕ್ಷರ
ಬಳಸಬಹುದು. ತೆಗೆಯುವಾಗ ಕಪ್ಪಿನ ತಳ ಒತ್ತಿ ಗಾಳಿಯ ಹಿಡಿತ ಬಿಡಿಸಿಕೊಂಡು ಆಮೇಲೆ ಎಳೆಯಿರಿ. ಹಾಗೇ ಎಳೆದರೆ ದಾರವೂ ಜೊತೆಗೆ ಬರಬಹುದು. ಕಪ್ ಬಳಸುವವರಲ್ಲಿ ವಂಕಿ ಹೊರಬೀಳೋದು ಹೆಚ್ಚು ಅಂತ ಕೆಲವು ಅಧ್ಯಯನಗಳಲ್ಲಿ ಕಂಡಿದೆ, ಆದ್ದರಿಂದ ದಾರ ನೋಡೋದು ಮರೆಯಬೇಡಿ.

ಮರಕುಟಿಗ
ಇಂಪ್ಲಾಂಟ್ ಬಗ್ಗೆ ಯಾರೂ ಬರೆದಿಲ್ಲ. ಒಂದೇ ಕಡ್ಡಿ, 4 ಸೆಂಟಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ, ಒಳಗೆ 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್ ಎಂಬ ಹಾರ್ಮೋನ್. ಕಡಿಮೆ ಬಳಸುವ ತೋಳಿನ ಒಳಬದಿಯಲ್ಲಿ ಚರ್ಮದ ಕೆಳಗೇ ಇಡ್ತಾರೆ. ಅಂಡ ಬಿಡುಗಡೆಯನ್ನೇ ತಡೆಯುತ್ತೆ. ಇಟ್ಟ ಮೇಲೆ ವೈದ್ಯರೂ ನೀವೂ ಬೆರಳಿಟ್ಟು ಕಡ್ಡಿಯನ್ನು ಮುಟ್ಟಿ ನೋಡಬೇಕು. ಕೈಗೆ ಸಿಗದಿದ್ದರೆ ಒಂದೋ ಆಳಕ್ಕೆ ಹೋಗಿದೆ, ಇಲ್ಲವೇ ಹೋಗಿಯೇ ಇಲ್ಲ. ಎರಡೂ ತೊಂದರೆಯೇ.

ಇದರ ಸಮಸ್ಯೆ ರಕ್ತಸ್ರಾವದ ಕ್ರಮ ತಪ್ಪೋದು. ಯಾರಿಗೆ ಹೇಗೆ ಅಂತ ಮೊದಲೇ ಹೇಳಲಾಗಲ್ಲ. ರಿಫಾಂಪಿಸಿನ್, ಫೆನಿಟಾಯಿನ್, ಕಾರ್ಬಮಜೆಪಿನ್, ಎಫಾವಿರೆಂಜ್ ತೆಗೆದುಕೊಳ್ಳುವವರಲ್ಲಿ ಇದರ ಬಲ ಕುಂದುತ್ತೆ. ಕ್ಷಯ, ಮೂರ್ಛೆರೋಗದ ಔಷಧಿ ತೆಗೆದುಕೊಳ್ಳುವವರು ಇದನ್ನು ಹೇಳಲೇಬೇಕು. ವಂಕಿಗಳಿಗೆ ಈ ತೊಡಕು ಇಲ್ಲ.

ನೇರಮಾತು
ಇಷ್ಟು ಪೋಸ್ಟ್ ಆದರೂ ಎಲ್ಲವೂ ಹೆಂಡತಿಯ ದೇಹದ ಮೇಲೇ. ಇಬ್ಬರೂ "ಇನ್ನು ಬೇಡ" ಅಂತ ಖಚಿತವಾಗಿ ಹೇಳ್ತಿದ್ದರೆ ಮೊದಲು ಮಾತಾಡಬೇಕಾದ್ದು ವಾಸೆಕ್ಟಮಿ. ಹೊಟ್ಟೆ ತೆರೆಯುವಂತಿಲ್ಲ, ಪೂರ್ಣ ಅರಿವಳಿಕೆ ಬೇಕಿಲ್ಲ, ವಿಫಲವಾಗೋದು ಕಡಿಮೆ, ಕೆಲಸ ಆಗಿದೆಯಾ ಅಂತ ಪರೀಕ್ಷೆ ಮಾಡಿ ನೋಡಬಹುದು. ಈ ಕೊನೆಯ ಅನುಕೂಲ ಹೆಂಗಸರ ಆಪರೇಷನ್‌ನಲ್ಲಿ ಇಲ್ಲ.

ಸುಳಿಗಾಳಿ
ಗಂಡಸರಿಗೆ ಶಕ್ತಿ ಕುಂದುತ್ತೆ, ಭಾರದ ಕೆಲಸ ಆಗಲ್ಲ ಅಂತ ಕೇಳಿದ್ದೇನೆ. ಅದಕ್ಕೇ ಯಾರೂ ಮುಂದೆ ಬರಲ್ಲ.

ಅಳತೆಗೋಲು
ಟೆಸ್ಟೋಸ್ಟೆರಾನ್ ಹೋಗೋದು ರಕ್ತದ ಮೂಲಕ, ವೀರ್ಯನಾಳದ ಮೂಲಕ ಅಲ್ಲ. ನಾಳ ಕತ್ತರಿಸಿದರೆ ಅದಕ್ಕೇನೂ ಆಗಲ್ಲ. ನಿಮಿರುವಿಕೆ, ಆಸೆ, ಸ್ಖಲನ ಎಲ್ಲ ಹಾಗೇ ಇರುತ್ತೆ. ವೀರ್ಯದಲ್ಲಿ ವೀರ್ಯಾಣುವಿನ ಪಾಲು ಶೇ. 5ರೊಳಗೆ, ಉಳಿದದ್ದು ವೀರ್ಯಕೋಶ ಮತ್ತು ಪ್ರಾಸ್ಟೇಟ್‌ನ ದ್ರವ. ಹಾಗಾಗಿ ಪ್ರಮಾಣ ಕಡಿಮೆಯಾದದ್ದು ಕಣ್ಣಿಗೆ ಕಾಣಲ್ಲ. ತಯಾರಾಗುವ ವೀರ್ಯಾಣುಗಳನ್ನು ದೇಹವೇ ಹೀರಿಕೊಳ್ಳುತ್ತೆ.

ಚರ್ಮ ಕೊಯ್ಯದೆ ವಾಸೆಕ್ಟಮಿ ಮಾಡುವ ವಿಧಾನವನ್ನು 1974ರಲ್ಲಿ ಚೀನಾದ ಶಸ್ತ್ರವೈದ್ಯ ಲಿ ಶುನ್‌ಚಿಯಾಂಗ್ ರೂಪಿಸಿದರು. ಲಿಡೋಕೇನ್ ಚುಚ್ಚಿ, ಉಂಗುರದಂಥ ಚಿಮ್ಮಟದಿಂದ ನಾಳವನ್ನು ಚರ್ಮದ ಮೇಲಿಂದಲೇ ಹಿಡಿದು, ಚೂಪು ತುದಿಯ ಉಪಕರಣದಿಂದ ಸಣ್ಣ ರಂಧ್ರ ಮಾಡಿ ನಾಳವನ್ನು ಹೊರಗೆಳೆಯುತ್ತಾರೆ. ಹೊಲಿಗೆ ಬೇಕಾಗೋದು ಅಪರೂಪ. 15ರಿಂದ 30 ನಿಮಿಷ ಸಾಕು. ನಾಳವನ್ನು ಬರೀ ಕಟ್ಟಿ ಕತ್ತರಿಸಿದರೆ ತುದಿಗಳು ಮತ್ತೆ ಕೂಡಿಕೊಳ್ಳುವ ಸಂಭವ ಹೆಚ್ಚು. ಒಳಪದರವನ್ನು ಸುಟ್ಟು, ಎರಡು ತುದಿಗಳ ನಡುವೆ ಅದರದೇ ಪೊರೆಯನ್ನು ಅಡ್ಡ ಹೊಲಿದರೆ ತುಂಬ ಕಡಿಮೆ. ಹೇಗೆ ಮಾಡ್ತೀರಿ ಅಂತ ಕೇಳಿ, ಇದು ಕೇಳಬೇಕಾದ ಪ್ರಶ್ನೆ.

ನಂತರ 2 ದಿನ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಬಿಗಿಯಾದ ಒಳಉಡುಪು. ಒಂದು ವಾರ ಭಾರ ಎತ್ತೋದು, ಸಂಭೋಗ ಬೇಡ. ಅದಾದ ಮೇಲೆ ಭಾರದ ಕೆಲಸಕ್ಕೆ ಯಾವ ಅಡ್ಡಿಯೂ ಇಲ್ಲ. ಜ್ವರ, ಕೀವು, ದಿನದಿನಕ್ಕೆ ದೊಡ್ಡದಾಗುವ ಊತ ಕಂಡರೆ ಕಾಯದೆ ತೋರಿಸಿ.

ಮರಕುಟಿಗ
ಒಳ್ಳೆಯದನ್ನೇ ಹೇಳ್ತಿದ್ದೀರಿ. ನೂರರಲ್ಲಿ 1–2 ಜನಕ್ಕೆ ತಿಂಗಳುಗಟ್ಟಲೆ ಉಳಿಯುವ ವೃಷಣದ ನೋವು ಬರುತ್ತೆ, ಚಿಕಿತ್ಸೆ ಬೇಕಾಗುವಷ್ಟು. ಅದನ್ನು ಮುಚ್ಚಿಡಬಾರದು.

ಅಳತೆಗೋಲು
ಮುಚ್ಚಿಡಬಾರದು ನಿಜ. ಸೋಂಕು, ರಕ್ತ ಕಟ್ಟುವುದು ಕೂಡ ನೂರಕ್ಕೆ 1–2. ಆದರೂ ಪೂರ್ಣ ಅರಿವಳಿಕೆ, ಕರುಳಿಗೋ ರಕ್ತನಾಳಕ್ಕೋ ಪೆಟ್ಟು ಬೀಳುವ ಸಂಭವ ಇರುವ ಹೊಟ್ಟೆಯ ಆಪರೇಷನ್ ಜೊತೆ ಹೋಲಿಸಿಯೇ ಮಾತಾಡಬೇಕು.

ಇಬ್ಬನಿ_22
ವಾಸೆಕ್ಟಮಿ ಆದ ಮರುದಿನದಿಂದಲೇ ರಕ್ಷಣೆ ಅಂದುಕೊಂಡು ಗರ್ಭ ನಿಲ್ಲಿಸಿಕೊಂಡು, ಆಮೇಲೆ ಹೆಂಡತಿಯ ಮೇಲೆ ಅನುಮಾನ ಪಡುವವರೂ ಇದ್ದಾರೆ. ದಯವಿಟ್ಟು ಅದನ್ನೂ ಯಾರಾದರೂ ಬಿಡಿಸಿ ಬರೆಯಿರಿ.

ಬೆಳ್ಳಿಚುಕ್ಕಿ
ನಾಳ ಕತ್ತರಿಸಿದ ಜಾಗದ ಮುಂದೆ ಮೊದಲೇ ಸೇರಿದ್ದ ವೀರ್ಯಾಣು ಇರುತ್ತೆ. ಅದು ಖಾಲಿಯಾಗಲು 3 ತಿಂಗಳು, ಸುಮಾರು 20 ಸ್ಖಲನ ಬೇಕು. ಅಲ್ಲಿಯವರೆಗೆ ಕಾಂಡೋಮ್ ಅಥವಾ ಇನ್ನೊಂದು ವಿಧಾನ ಕಡ್ಡಾಯ.

ನೇರಮಾತು
3 ತಿಂಗಳು ಆಯ್ತು ಅಂತ ಲೆಕ್ಕ ಹಾಕಿ ನಿಲ್ಲಿಸೋದೂ ತಪ್ಪು. ವೀರ್ಯ ಪರೀಕ್ಷೆಯ ವರದಿ ಕೈಗೆ ಬರಬೇಕು. 2ರಿಂದ 7 ದಿನ ಬಿಟ್ಟು, ಲ್ಯೂಬ್ರಿಕೆಂಟ್ ಹಾಕದೆ, ಸಾಮಾನ್ಯ ಕಾಂಡೋಮ್‌ನಲ್ಲಿ ಅಲ್ಲದೆ ನೇರ ಡಬ್ಬಿಗೆ ಪೂರ್ತಿ ಸ್ಯಾಂಪಲ್ ಕೊಡಬೇಕು. ಮೊದಲ ಹನಿ ಚೆಲ್ಲಿದ್ದರೂ ಹೇಳಿ. 2 ಗಂಟೆಯೊಳಗೆ ಲ್ಯಾಬ್ ನೋಡಬೇಕು. ವೀರ್ಯಾಣು ಒಂದೂ ಇಲ್ಲ ಅಂತ ಬಂದರೆ, ಅಥವಾ ಚಲನೆ ಇಲ್ಲದವು ಮಿಲಿಲೀಟರ್‌ಗೆ 1 ಲಕ್ಷದೊಳಗೆ ಇದ್ದರೆ ಬೇರೆ ವಿಧಾನ ಬಿಡಬಹುದು. ಅದಾದ ಮೇಲೆ ಗರ್ಭ ನಿಲ್ಲುವ ಸಂಭವ ಸುಮಾರು 2,000ಕ್ಕೆ 1. ಚಲಿಸುವ ವೀರ್ಯಾಣು 6 ತಿಂಗಳಾದರೂ ಕಂಡರೆ ಆಪರೇಷನ್ ವಿಫಲ, ಮತ್ತೆ ಮಾಡಬೇಕು.

ತಿಳಿನೀರು
ಬೇಕಾದರೆ ಮುಂದೆ ಜೋಡಿಸಬಹುದಲ್ಲ?

ನೇರಮಾತು
ಆ ಲೆಕ್ಕದಲ್ಲಿ ಮಾಡಿಸಲೇಬೇಡಿ. ಜೋಡಣೆ ಸೂಕ್ಷ್ಮದರ್ಶಕದ ಕೆಳಗೆ ಗಂಟೆಗಟ್ಟಲೆಯ ಕೆಲಸ. ವರ್ಷ ಕಳೆದಷ್ಟೂ ಫಲ ಕಡಿಮೆ. ವೀರ್ಯಾಣು ಮತ್ತೆ ಕಂಡರೂ ಗರ್ಭ ನಿಂತೇ ನಿಲ್ಲುತ್ತೆ ಅಂತಿಲ್ಲ. "ಬೇಕಾದರೆ" ಅನ್ನುವ ಮಾತು ಮನಸ್ಸಿನಲ್ಲಿ ಬಂದರೆ ವಂಕಿಯೋ ಇಂಪ್ಲಾಂಟೋ ಸರಿ.

ಬೆಳ್ಳಿಚುಕ್ಕಿ
ಇದೇ ಮಾತು ಹೆಂಗಸರ ಆಪರೇಷನ್‌ಗೂ. ಮೇಲೆ ಹೇಳಿದ ಅದೇ ಅಧ್ಯಯನದಲ್ಲಿ 30 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿಗೆ ಮಾಡಿಸಿಕೊಂಡವರಲ್ಲಿ 14 ವರ್ಷದೊಳಗೆ ಐವರಲ್ಲಿ ಒಬ್ಬರು ಪಶ್ಚಾತ್ತಾಪ ಹೇಳಿದರು. 30 ದಾಟಿದವರಲ್ಲಿ ಶೇ. 6. ಹೆರಿಗೆ ಕೋಣೆಯಲ್ಲಿ, ಸುಸ್ತಿನಲ್ಲಿ, ಬೇರೆಯವರ ಒತ್ತಾಯದಲ್ಲಿ ಸಹಿ ಹಾಕುವಂಥದ್ದಲ್ಲ ಇದು. ಗರ್ಭ ಇರುವಾಗಲೇ, ತಿಂಗಳುಗಳ ಮೊದಲು ಮಾತಾಡಿ ಮುಗಿಸಿರಬೇಕು.

ಮಾಡಿಸಿಯೇ ಸಿದ್ಧ ಅಂದರೆ ಯಾವ ತಂತ್ರ ಅಂತ ಕೇಳಿ. ಉಂಗುರ, ಕ್ಲಿಪ್, ಸುಡುವುದು, ಹೆರಿಗೆಯ ನಂತರ ಹೊಕ್ಕುಳ ಕೆಳಗಿನ ಸಣ್ಣ ಗಾಯದಿಂದ ನಾಳದ ತುಂಡು ತೆಗೆಯುವುದು, ಇವೆಲ್ಲ ಹಳೆಯವು. ಈಗ ಎರಡೂ ನಾಳಗಳನ್ನು ಪೂರ್ತಿ ತೆಗೆಯುವುದು ಹೆಚ್ಚುತ್ತಿದೆ. ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಅತಿ ಸಾಮಾನ್ಯವಾದ ಬಗೆ ನಾಳದ ತುದಿಯಲ್ಲೇ ಶುರುವಾಗುತ್ತೆ ಅಂತ ತಿಳಿದ ಮೇಲೆ ಇದಕ್ಕೆ ಬಲ ಬಂತು. ಅಂಡಾಶಯ ಉಳಿಯುವುದರಿಂದ ಹಾರ್ಮೋನ್ ಹಾಗೇ ಇರುತ್ತೆ. ಆದರೆ ಇದನ್ನು ಜೋಡಿಸುವ ಮಾತೇ ಇಲ್ಲ, ಆಮೇಲೆ ಮಗು ಬೇಕೆಂದರೆ ಐವಿಎಫ್ (ಪ್ರನಾಳ ಶಿಶು ವಿಧಾನ) ಒಂದೇ.

ಲ್ಯಾಪ್ರೋಸ್ಕೋಪಿ (ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್) ಆದ ಮರುದಿನ ಭುಜ ನೋಯುತ್ತೆ ಅಂತ ಹೆದರಬೇಡಿ. ಹೊಟ್ಟೆಗೆ ತುಂಬಿದ ಇಂಗಾಲದ ಡೈಆಕ್ಸೈಡ್ ಎದೆ–ಹೊಟ್ಟೆಯ ನಡುವಿನ ವಪೆಯನ್ನು ಕೆರಳಿಸುವುದರಿಂದ ಅದು ಬರೋದು, ಎರಡು ಮೂರು ದಿನದಲ್ಲಿ ಹೋಗುತ್ತೆ.

ಸುಳಿಗಾಳಿ
ಆಪರೇಷನ್ ಆದ ಮೇಲೆ ಮುಟ್ಟು ಜಾಸ್ತಿ ಆಯ್ತು ಅಂತ ತುಂಬ ಜನ ಹೇಳ್ತಾರೆ. ಅದೂ ಸುಳ್ಳಾ?

ಅಳತೆಗೋಲು
ಅವರು ಹೇಳೋದು ಸುಳ್ಳಲ್ಲ, ಕಾರಣ ಬೇರೆ. ಬಹಳಷ್ಟು ಜನ ಅಲ್ಲಿಯವರೆಗೆ ಮಾತ್ರೆ ತೆಗೆದುಕೊಳ್ತಿರ್ತಾರೆ. ಮಾತ್ರೆ ಮುಟ್ಟನ್ನು ಹಗುರ ಮಾಡಿರುತ್ತೆ. ಆಪರೇಷನ್ ಆಯ್ತು ಅಂತ ಮಾತ್ರೆ ನಿಲ್ಲಿಸಿದ ಮೇಲೆ ಅವರದೇ ಹಳೆಯ ಮುಟ್ಟು ವಾಪಸ್ ಬರುತ್ತೆ. ವಯಸ್ಸು 35 ದಾಟಿದ್ದರೆ ಫೈಬ್ರಾಯ್ಡ್‌ನಂಥವೂ ಆ ಹೊತ್ತಿಗೇ ಕಾಣಿಸಿಕೊಳ್ಳುತ್ತವೆ.

ಹೊಂಗೆನೆರಳು
ಎಲ್ಲರಿಗೂ ಧನ್ಯವಾದ. ಹಾಗಾದರೆ ರಕ್ತಸ್ರಾವಕ್ಕೆ ಹಾರ್ಮೋನ್ ವಂಕಿ ಹೇಗೂ ಬೇಕು ಅಂತಾದರೆ ವಾಸೆಕ್ಟಮಿಯೂ ಬೇಕಾ? 33ಕ್ಕೆ ಹಾಕಿಸಿದ ವಂಕಿಯನ್ನು ಎಷ್ಟು ಸಲ ಬದಲಾಯಿಸಬೇಕಾಗುತ್ತೆ?

ನೇರಮಾತು
ಎರಡೂ ಒಟ್ಟಿಗೆ ಬೇಕಿಲ್ಲ. ವಂಕಿ ಮುಟ್ಟನ್ನೂ ಗರ್ಭವನ್ನೂ ನೋಡಿಕೊಳ್ಳುತ್ತೆ. ಅದು ಒಗ್ಗದೆ ತೆಗೆಸಬೇಕಾದರೆ ಆಗ ವಾಸೆಕ್ಟಮಿ ಮಾಡಿಸಿ, ರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಸಿಡ್‌ನಂಥ ಬೇರೆ ಚಿಕಿತ್ಸೆ ನೋಡಬಹುದು. ಆದರೆ ವಾಸೆಕ್ಟಮಿಯ ವರದಿ ಬರುವವರೆಗೆ ವಂಕಿ ತೆಗೆಸಬೇಡಿ.

ಸಣ್ಣಕ್ಷರ
52 ಮಿಲಿಗ್ರಾಂನದ್ದು ಗರ್ಭನಿರೋಧಕ್ಕೆ 8 ವರ್ಷ. 33ಕ್ಕೆ ಹಾಕಿದರೆ 41ಕ್ಕೆ ಒಮ್ಮೆ, 49ಕ್ಕೆ ಇನ್ನೊಮ್ಮೆ. 45 ದಾಟಿದ ಮೇಲೆ ಹಾಕಿದ್ದನ್ನು ಗರ್ಭನಿರೋಧಕವಾಗಿ 55ರವರೆಗೆ ಬಿಡಬಹುದು ಅಂತ ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತೆ, ಹಾಗಾಗಿ 49ರದ್ದೇ ಕೊನೆಯದು. ಕಾಪರ್ ಟಿಗೆ 45ರ ಬದಲು 40 ದಾಟಿದ್ದರೆ ಸಾಕು. ರಕ್ತಸ್ರಾವದ ಚಿಕಿತ್ಸೆಗೂ ಅದನ್ನೇ ನೆಚ್ಚಿಕೊಂಡಿದ್ದರೆ 5 ವರ್ಷದ ನಂತರ ಮುಟ್ಟು ಮತ್ತೆ ಹೆಚ್ಚಿದಾಗ ಬೇಗ ಬದಲಾಯಿಸಬೇಕಾಗಬಹುದು. ಹಾಕಿದ ದಿನಾಂಕ, ಮಾದರಿ, ಎಷ್ಟು ಮಿಲಿಗ್ರಾಂ ಅನ್ನೋದನ್ನು ಬರೆಸಿಕೊಂಡು ಇಟ್ಟುಕೊಳ್ಳಿ, 13.5 ಮತ್ತು 19.5 ಮಿಲಿಗ್ರಾಂನ ಚಿಕ್ಕವೂ ಇವೆ, ಅವುಗಳ ಅವಧಿ 3 ಮತ್ತು 5 ವರ್ಷ. ಮುಟ್ಟು ಶುರುವಾಗಿ 7 ದಿನದೊಳಗೆ ಹಾಕಿಸಿದರೆ ಕೂಡಲೇ ರಕ್ಷಣೆ, ಬೇರೆ ದಿನ ಹಾಕಿಸಿದರೆ ಮುಂದಿನ 7 ದಿನ ಕಾಂಡೋಮ್.